ಗಡಿ ಮತ್ತು ಸೇತು

(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಭಕ್ತರು ಅಜ್ಜಂಪುರದಲ್ಲಿ ಸೇರಿದ್ದ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಭಾಗಕ್ಕೆ ನಾವು ಬಂದಾಗಲೆಲ್ಲ ಪಾದಪೂಜೆ ಮುಗಿಯುವ ಮೊದಲೇ ಅರ್ಜಿಗಳು ಬರುತ್ತವೆ. ಕಡೂರು ಕಡೆಯವರದು ತೆಂಗಿನ ತೋಟದ ಬದುವಿನ ತಕರಾರು. ತರೀಕೆರೆಯವರದು ಅಡಿಕೆ ತೋಟದ ನೀರಿನದು. ಅಜ್ಜಂಪುರದವರದು ಹೊಲಕ್ಕೆ ಗಾಡಿ ಹೋಗುವ ದಾರಿಯದು. ಅರ್ಜಿದಾರ ಬೇರೆ, ಎದುರುದಾರ ಬೇರೆ. ಆದರೆ ಇಬ್ಬರ ತಂದೆಯ ಹೆಸರು ಒಂದೇ! ಇಂದು ಬೆಳಿಗ್ಗೆಯೂ ಅಂಥ ಮೂರು ಅರ್ಜಿಗಳು ನಮ್ಮ ಕೈಸೇರಿವೆ. ಅವುಗಳ ವಿಚಾರ ಆಮೇಲೆ. ನಾವು ಕಣ್ಣಾರೆ ಕಂಡ ಒಂದು ದೊಡ್ಡ ಬದುವಿನ ಸಂಗತಿಯನ್ನು ಮೊದಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಕೊರಿಯಾಕ್ಕೆ ಹೋಗಿದ್ದೆವು. ಅಲ್ಲಿಯ ಜನರ ಭಾಷೆ ಒಂದು, ಊಟ ಒಂದು, ವಂಶ ಒಂದು. 1945ರಲ್ಲಿ ಮಹಾಯುದ್ಧ ಮುಗಿದಾಗ ಅಮೆರಿಕವೂ ರಷ್ಯವೂ 38ನೆಯ ಅಕ್ಷಾಂಶದ ಮೇಲೆ ಗೆರೆ ಎಳೆದು ಆ ನಾಡನ್ನು ಎರಡು ಮಾಡಿದವು. 1950ರ ಜೂನ್ 25ರಂದು ಅಣ್ಣತಮ್ಮಂದಿರ ನಡುವೆ ಯುದ್ಧ ಹತ್ತಿತು. 1953ರ ಜುಲೈ 27ರಂದು ಕದನವಿರಾಮವಾಯಿತು. ಶಾಂತಿಯ ಒಪ್ಪಂದ ಮಾತ್ರ ಇಂದಿಗೂ ಆಗಿಲ್ಲ. ನಡುವೆ ಸುಮಾರು 240 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಒಂದು ಪಟ್ಟಿ. ಅದಕ್ಕೆ ಸೇನಾರಹಿತ ವಲಯವೆಂದು ಹೆಸರು. ಆದರೆ ಅದರ ಎರಡು ಅಂಚಿನಲ್ಲೂ ಮುಳ್ಳುತಂತಿ, ಬಂದೂಕು, ಸೈನ್ಯ.

ಆ ಪಟ್ಟಿಯೊಳಗೆ ಪಾನ್‌ಮುಂಜೊಮ್ ಎಂಬ ಸ್ಥಳವಿದೆ. ಗಡಿಗೆರೆಯ ಮೇಲೆಯೇ ನೀಲಿ ಬಣ್ಣದ ಕಟ್ಟಡಗಳು. ಒಳಗೊಂದು ಮೇಜು, ಗೆರೆ ಆ ಮೇಜಿನ ನಡುವೆ ಹಾಯುತ್ತದೆ. ಮೇಜನ್ನು ಸುತ್ತಿ ನಾಲ್ಕು ಹೆಜ್ಜೆ ಇಟ್ಟರೆ ಉತ್ತರ ಕೊರಿಯಾ. ಪ್ರವಾಸಿಗಳಾದ ನಾವು ಆ ನಾಲ್ಕು ಹೆಜ್ಜೆ ಇಟ್ಟು ಬಂದೆವು. ಆ ನಾಡಿನ ಒಡಹುಟ್ಟಿದವರಿಗೆ ಮಾತ್ರ ಅದು 70 ವರ್ಷವಾದರೂ ಸವೆಯದ ದಾರಿ.

ಗಡಿಯ ಈಚೆ ಇಮ್‌ಜಿಂಗಾಕ್ ಎಂಬಲ್ಲಿ ಒಂದು ಪೀಠವಿದೆ. ಉತ್ತರದಲ್ಲಿ ಮನೆಮಠ ಬಿಟ್ಟು ಬಂದವರು ಹಬ್ಬದ ದಿನ ಅಲ್ಲಿ ಹಿರಿಯರಿಗೆ ಎಡೆಯಿಟ್ಟು, ಉತ್ತರಕ್ಕೆ ಮುಖಮಾಡಿ ಅಡ್ಡಬೀಳುತ್ತಾರೆ. ಸರ್ಕಾರಗಳು ಆಗಾಗ ಅಗಲಿದ ಕುಟುಂಬಗಳನ್ನು ಸೇರಿಸಿದ್ದುಂಟು. 2018ರ ಆಗಸ್ಟ್‌ನಲ್ಲಿಯೂ ಹಾಗೆ ಸೇರಿಸಿದ್ದರು. ತೊಂಬತ್ತರ ತಾಯಿ ಎಪ್ಪತ್ತರ ಮಗನನ್ನು ಕಂಡದ್ದು ಕೆಲವೇ ಗಂಟೆ. ಆಮೇಲೆ ಬಸ್ಸಿನ ಗಾಜಿಗೆ ಒಳಗಿನಿಂದ ಒಂದು ಕೈ, ಹೊರಗಿನಿಂದ ಒಂದು ಕೈ!

ಆ ಗಡಿಯಲ್ಲಿ ನಮಗೆ ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರ ನೆನಪಾಯಿತು. 1953ರಲ್ಲಿ ಸೆರೆಯಾಳುಗಳ ವಿಚಾರಕ್ಕಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ಸ್ವಂತ ನಾಡಿಗೆ ಮರಳಲು ಒಪ್ಪದ ಸುಮಾರು 23 ಸಾವಿರ ಸೆರೆಯಾಳುಗಳು ಆಗ ಭಾರತದ ಪಡೆಯ ಕಾವಲಿನಲ್ಲಿದ್ದರು. ಎರಡು ಪಕ್ಷದವರೂ ತಿಮ್ಮಯ್ಯನವರನ್ನು ದೂರಿದರು. ಅವರು ಯಾವ ಪಕ್ಷಕ್ಕೂ ವಾಲಲಿಲ್ಲ. ಎರಡು ಕಡೆಗೂ ಹೋಗಲೊಲ್ಲದ 88 ಮಂದಿ 1954ರಲ್ಲಿ ಭಾರತಕ್ಕೇ ಬಂದರು. ನಡುವೆ ನಿಲ್ಲುವವನು ಇಬ್ಬರಿಂದಲೂ ಬೈಸಿಕೊಳ್ಳಲು ಸಿದ್ಧನಿರಬೇಕು.

ಅಲ್ಲಿಯೇ ಒಂದು ಸೇತುವೆಯಿದೆ. ಸೆರೆಯಾಳುಗಳ ವಿನಿಮಯ ಅದರ ಮೇಲೆ ನಡೆಯಿತು. ಒಮ್ಮೆ ದಾಟಿದವನು ಹಿಂದಕ್ಕೆ ಬರುವಂತಿರಲಿಲ್ಲ. ಆದ್ದರಿಂದ ಅದಕ್ಕೆ ‘ಮರಳಿ ಬಾರದ ಸೇತುವೆ’ ಎಂದೇ ಹೆಸರು. ಸಂಸ್ಕೃತದಲ್ಲಿ ‘ಸೇತು’ ಎಂಬ ಶಬ್ದಕ್ಕೆ ಬದು, ಒಡ್ಡು, ಎಲ್ಲೆ ಎಂಬ ಅರ್ಥವೂ ಉಂಟು, ದಾಟುವ ಸೇತುವೆ ಎಂಬ ಅರ್ಥವೂ ಉಂಟು. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆವು. ತಡೆಯುವುದೇ ದಾಟಿಸುವುದು ಹೇಗೆಂದು ಆಗ ತಿಳಿದಿರಲಿಲ್ಲ. ನಿಮ್ಮ ಊರಿನ ಕೆರೆಯ ಏರಿಯನ್ನು ನೋಡಿರಿ. ಅದು ನೀರನ್ನು ತಡೆಯುತ್ತದೆ. ಅದರ ಮೇಲೆಯೇ ನಿಮ್ಮ ಗಾಡಿ ಆಚೆ ದಡ ಸೇರುತ್ತದೆ. ಬದುವೆಂದರೆ ಹಾಗಿರಬೇಕು.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಸುಮಾರು 20 ವರ್ಷಗಳ ಹಿಂದೆ ಇದೇ ಭಾಗದ ಅಣ್ಣತಮ್ಮಂದಿರಿಬ್ಬರು ನ್ಯಾಯಕ್ಕೆ ಬಂದರು. ನಾವು ಅಳತೆ ಮಾಡಿಸಿ, ಕಲ್ಲು ನೆಡಿಸಿ, ಗೇಣು ಭೂಮಿಯೂ ಹೆಚ್ಚುಕಡಿಮೆಯಾಗದಂತೆ ಪಾಲು ಮಾಡಿದೆವು. ಮತ್ತೆ ಜಗಳ ಬೇಡವೆಂದು, ‘ಒಬ್ಬರ ಎಲ್ಲೆಯೊಳಗೆ ಇನ್ನೊಬ್ಬರು ಕಾಲಿಡಕೂಡದು’ ಎಂದು ತೀರ್ಪಿನಲ್ಲಿ ಒಂದು ಸಾಲು ಬರೆಸಿದೆವು. ಅವರು ಕೋರ್ಟು ಕಚೇರಿ ಹತ್ತಲಿಲ್ಲ. ಒಳ್ಳೆಯ ನ್ಯಾಯವೆಂದು ನಾವೂ ಹಿಗ್ಗಿದೆವು. ಕೆಲವು ವರ್ಷಗಳಾದ ಮೇಲೆ ಅಣ್ಣನ ಮನೆಯಲ್ಲಿ ತಾಯಿ ಲಿಂಗೈಕ್ಯಳಾದಳು. ಸಮಾಧಿ ಅಣ್ಣನ ಹೊಲದಲ್ಲಿ. ತಮ್ಮ ಬದುವಿನ ಮೇಲೆ ನಿಂತು ನೋಡಿದನು, ಇಳಿಯಲಿಲ್ಲ, ಮಣ್ಣು ಹಾಕಲಿಲ್ಲ. ನಾವು ಕರೆಸಿ ಕೇಳಿದೆವು. “ಬುದ್ಧಿ, ಕಾಲಿಡಕೂಡದು ಎಂದು ಬರೆಸಿದವರು ತಾವೇ ಅಲ್ಲವೆ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಪಾನ್‌ಮುಂಜೊಮ್‌ನ ಆ ಸೇತುವೆಯನ್ನು ಕಂಡಾಗ ಆ ತಮ್ಮನ ಮುಖವೇ ಕಣ್ಣಮುಂದೆ ಬಂದಿತು.

ಎಲ್ಲೆ ಬೇಡವೆಂದು ನಾವು ಹೇಳುವುದಿಲ್ಲ. ಪಾಲಾಗಲಿ, ಕಲ್ಲು ನೆಡಲಿ. ಇಂದು ಬಂದ ಮೂರು ಅರ್ಜಿಗಳಿಗೂ ನ್ಯಾಯ ಹೇಳುತ್ತೇವೆ. ಆದರೆ ಮೂರರಲ್ಲೂ ಕೊನೆಯ ಸಾಲು ಒಂದೇ: ಮದುವೆಗೆ, ಸಾವಿಗೆ, ಹಿರಿಯರ ಹಬ್ಬಕ್ಕೆ ಬದು ಅಡ್ಡಬರಕೂಡದು. ಅದಕ್ಕೆ ಇಬ್ಬರೂ ರುಜು ಹಾಕಿದ ಮೇಲೆಯೇ ನಮ್ಮ ರುಜು.

ಆ ಹಳೆಯ ತೀರ್ಪಿನ ಅಣ್ಣತಮ್ಮಂದಿರಿಬ್ಬರೂ ಈ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ, ಒಬ್ಬರು ಆ ಮೂಲೆಯಲ್ಲಿ, ಒಬ್ಬರು ಈ ಮೂಲೆಯಲ್ಲಿ. ನಾವು ಬರೆಸಿದ ಆ ಸಾಲನ್ನು ನಿಮ್ಮೆಲ್ಲರ ಎದುರಿಗೆ ಇಂದು ಹಿಂತೆಗೆದುಕೊಂಡಿದ್ದೇವೆ. ಇನ್ನು ಪ್ರಸಾದದ ಹೊತ್ತು. ಅವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತರೆ ನಮ್ಮ ತಪ್ಪಿಗೆ ಅರ್ಧ ಪ್ರಾಯಶ್ಚಿತ್ತವಾದಂತೆ. ಉಳಿದರ್ಧ ತಾಯಿಯ ಸಮಾಧಿಗೆ ಇಬ್ಬರೂ ಕೂಡಿ ಹೂವು ಏರಿಸಿದ ದಿನ.

ಎಲ್ಲರಿಗೂ ಶುಭವಾಗಲಿ.