ಒಡಲಿನ ಸಮಸ್ಥಿತಿ ಮತ್ತು ನೀರಿನ ಗಂಟೆ



ಶತಮಾನೋತ್ಸವದ ವೇದಿಕೆಯಲ್ಲಿ ಶರೀರಶಾಸ್ತ್ರದ ಮಾತೇಕೆಂದು ತಮಗೆ ಅನ್ನಿಸೀತು. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ ಅವರು ದೇಹದ ಒಳಗಿನ ಸ್ಥಿರತೆಗೆ ‘ಹೋಮಿಯೋಸ್ಟೇಸಿಸ್’ ಎಂದು ಹೆಸರಿಟ್ಟದ್ದು 1926ರಲ್ಲಿ. ಅದೂ ಫ್ರಾನ್ಸಿನ ಶಾರ್ಲ್ ರಿಷೆ ಅವರ ಗೌರವಗ್ರಂಥವೊಂದರಲ್ಲಿ. ನಾವದನ್ನು ಸಮಸ್ಥಿತಿ ಎನ್ನುತ್ತೇವೆ. ಆ ಪದಕ್ಕೂ ನಮ್ಮ ಶಾಲೆಗೂ ಹೆಚ್ಚುಕಡಿಮೆ ಒಂದೇ ಪ್ರಾಯ.

ಉಟ್ಕೂರಿನ ಬೇಸಿಗೆಯನ್ನು ತಮಗೆ ವರ್ಣಿಸಬೇಕಾಗಿಲ್ಲ. ಹೊರಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿದರೂ ಮಗುವಿನ ಒಡಲು 37ರ ಆಸುಪಾಸಿನಲ್ಲೇ ಇರುತ್ತದೆ. ಗಾಳಿ ಮೈಗಿಂತ ತಂಪಾಗಿದ್ದರೆ ಶಾಖ ತಾನಾಗಿಯೇ ಹೊರಹೋಗುತ್ತದೆ. ಗಾಳಿಯೇ ಮೈಗಿಂತ ಬಿಸಿಯಾದಾಗ ಆ ದಾರಿ ಮುಚ್ಚಿ ಬೆವರೊಂದೇ ಉಳಿಯುತ್ತದೆ. ಮಿದುಳಿನ ಹೈಪೋಥಲಮಸ್ ರಕ್ತದ ಬಿಸಿಯನ್ನು ಅರಿತು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರಿನ ಗ್ರಂಥಿಗಳಿಗೆ ಆಜ್ಞೆ ಕೊಡುತ್ತದೆ. ಒಂದು ಲೀಟರ್ ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಕಳೆಯುತ್ತದೆ. ಮನೆಯ ಮಣ್ಣಿನ ಗಡಿಗೆ ನೀರನ್ನು ತಣ್ಣಗಿಡುವುದೂ ಹೀಗೆಯೇ, ಹೊರಮೈಗೆ ಜಿನುಗಿದ ನೀರು ಆರುವುದರಿಂದ. ಗಡಿಗೆಯೇ ಬರಿದಾದರೆ ತಂಪು ಎಲ್ಲಿಯದು? ಬೆವರಿನೊಡನೆ ಉಪ್ಪೂ ಹೋಗುವುದರಿಂದ ನಮ್ಮ ಹಿರಿಯರ ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ ಶಾಸ್ತ್ರಕ್ಕೆ ಒಪ್ಪುವಂಥವೇ.

ನೀರು ಸಾಲದಾದಾಗ ದೇಹ ಕೈ ಬಿಗಿಹಿಡಿಯುತ್ತದೆ. ದೊಡ್ಡವರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ. ಕೊರತೆಯಾದರೆ ಮಿದುಳಿನಿಂದ ಬರುವ ಹಾರ್ಮೋನೊಂದು ಅದನ್ನೂ ಅರ್ಧ ಲೀಟರಿಗೆ ಇಳಿಸಬಲ್ಲದು. ಮೂತ್ರ ಕಡುಹಳದಿಯಾಗುತ್ತದೆ, ತಲೆ ನೋಯುತ್ತದೆ, ಪಾಠದಲ್ಲಿ ಗಮನ ನಿಲ್ಲದು. ಇನ್ನೂ ಮುಂದುವರಿದರೆ, ರಕ್ತದೊತ್ತಡವನ್ನು ಕಾಯಲು ದೇಹ ಬೆವರನ್ನೇ ಕಡಿಮೆ ಮಾಡುತ್ತದೆ. ಒಳಗಿನ ತಾಪ 40 ಡಿಗ್ರಿ ಮೀರಿ ಮಾತು ತೊದಲತೊಡಗಿದರೆ ಅದು ಬಿಸಿಲಾಘಾತ. ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಬೇಕಾದೀತೆಂದು ಬೆಳಗಿನಿಂದ ನೀರನ್ನೇ ಮುಟ್ಟದೆ ಕೂರುತ್ತಾರೆ. ತುಂಬಿ ಕಳಿಸಿದ ಬಾಟಲಿ ತುಂಬಿಯೇ ಮರಳುವುದನ್ನು ತಾಯಂದಿರು ಕಂಡಿರಬಹುದು. ಮನೆಗಳಲ್ಲಿ ಇದಕ್ಕೆ ನಾಚಿಕೆ ಎಂದು ಹೆಸರು. ಮೂತ್ರಪಿಂಡಗಳಿಗೆ ನಾಚಿಕೆ ತಿಳಿಯದು. ಸೋಂಕು, ಉರಿಮೂತ್ರಗಳು ಹೀಗೆಯೇ ಹತ್ತಿಕೊಳ್ಳುತ್ತವೆ. ಮಾರ್ಚ್ ನಡುವಿನಿಂದ ಒಪ್ಪೊತ್ತಿನ ಶಾಲೆಯಾದರೂ ಮಕ್ಕಳು ಮನೆಗೆ ನಡೆಯುವುದು ನಡುಮಧ್ಯಾಹ್ನದ ಬಿಸಿಲಿನಲ್ಲೇ.

2019ರಲ್ಲಿ ಕೇರಳದ ಶಾಲೆಗಳು ನೀರು ಕುಡಿಯಲೆಂದೇ ಗಂಟೆ ಬಾರಿಸತೊಡಗಿದವು. ನಾವೂ ಈ ಬೇಸಿಗೆಯಿಂದ ಬಾರಿಸುತ್ತೇವೆ. ಆದರೆ ಕುಡಿದ ಹುಡುಗಿ ಹೋಗುವುದೆಲ್ಲಿಗೆ? ಪೂರ್ವ ವಿದ್ಯಾರ್ಥಿಗಳು ಶತಮಾನದ ನೆನಪಿಗೆ ಮಹಾದ್ವಾರ ಕಟ್ಟಿಸುವ ಮಾತಾಡಿದ್ದಾರೆ. ಅವರ ಅಭಿಮಾನ ದೊಡ್ಡದು. ಅದಕ್ಕೂ ಮೊದಲು ಹೆಣ್ಣುಮಕ್ಕಳ ಶೌಚಾಲಯಕ್ಕೆ ಇನ್ನೆರಡು ಕೋಣೆ, ಒಳಚಿಲಕವಿರುವ ಬಾಗಿಲುಗಳು, ಮೇಲೊಂದು ನೀರಿನ ಟಾಂಕಿ ಆಗಲೆಂದು ಕೇಳಿಕೊಳ್ಳುತ್ತೇವೆ. ದ್ವಾರ ಮುಂದಿನ ವರ್ಷವೂ ಏಳಬಹುದು. ಅಂದಾಜುಪಟ್ಟಿ ಕಚೇರಿಯ ಮೇಜಿನ ಮೇಲಿದೆ. ಊಟಕ್ಕೆ ಏಳುವ ಮೊದಲು ದಯಮಾಡಿ ನೋಡಬೇಕು.