ನೋವು ಹೋಯ್ತು ಅಂತ ಇನ್‌ಸೋಲ್ ತೆಗೆದಿಟ್ಟರೆ?

ಇವತ್ತಿನ ಮಾತು ಹಿಮ್ಮಡಿ ನೋವು ಮತ್ತು ಅದಕ್ಕೆ ಡಾಕ್ಟರು ಹೇಳೋ ಇನ್‌ಸೋಲ್ ಬಗ್ಗೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆಯವರಿಗೆ ಇದು ಮನೆಮಾತು. ತೋಟಕ್ಕೆ ಹೋಗೋಕೆ ಇಳಿಜಾರು, ಬರೋಕೆ ಏರು. ಮಳೆಗಾಲ ಪೂರ್ತಿ ಗಂಬೂಟು, ಮನೆಯೊಳಗೆ ಬರಿಗಾಲು.

ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಅದರ ಮೇಲೆ ದಿನವೂ ಭಾರ ಹೆಚ್ಚಾದರೆ ನೋವು ಶುರು. ಬೆಳಗ್ಗೆ ಎದ್ದು ಇಡೋ ಮೊದಲ ಹೆಜ್ಜೆಗೇ ಚುಚ್ಚುತ್ತೆ. ಇದೇ ಪ್ಲಾಂಟರ್ ಫೆಸೈಟಿಸ್. ಇನ್‌ಸೋಲ್ ಆ ಭಾರವನ್ನು ಪಾದದ ತುಂಬ ಹಂಚುತ್ತೆ. ಅಂದರೆ, ಕಾಲಿನ ಕೆಳಗೆ ಇದ್ದಾಗ ಮಾತ್ರ ಅದರ ಕೆಲಸ.

ನಮ್ಮಮ್ಮ ಮೂರು ವಾರ ಹಾಕಿದ್ರು. ನೋವು ಇಳಿಯಿತು. "ಗುಣ ಆಯ್ತಲ್ಲ ಮಾರಾಯ, ಇನ್ನೆಂತಕ್ಕೆ?" ಅಂತ ತೆಗೆದಿಟ್ರು. ಅಡಿಕೆ ಕೊಯ್ಲಿನ ಹೊತ್ತಿಗೆ ನೋವು ವಾಪಸ್ ಬಂತು. ಈ ನೋವು ಪೂರ್ತಿ ಹೋಗೋಕೆ ತಿಂಗಳುಗಳೇ ಬೇಕು.

ಹಾಗಾದರೆ ಏನು ಮಾಡಬೇಕು? ಮೊದಲ ದಿನ ಒಂದೆರಡು ಗಂಟೆ ಹಾಕಿ, ದಿನಕ್ಕೆ ಒಂದು ಗಂಟೆಯಂತೆ ಹೆಚ್ಚಿಸಿ. ಶೂ ಜೊತೆಗೇ ಬಂದ ಹಳೇ ಇನ್‌ಸೋಲ್ ತೆಗೆದು ಹಾಕಿ, ಇಲ್ಲದಿದ್ದರೆ ಬಿಗಿಯಾಗುತ್ತೆ. ಗಂಬೂಟಿನಲ್ಲಿ ಹಾಕಿದ್ದರೆ ಸಂಜೆ ಹೊರತೆಗೆದು ಗಾಳಿಗೆ ಒಣಗಿಸಿ. ಬಚ್ಚಲೊಲೆ ಪಕ್ಕ ಇಡಬೇಡಿ, ಬಿಸಿಗೆ ಆಕಾರ ಕೆಡುತ್ತೆ. ಮನೆಯೊಳಗೆ ಓಡಾಡೋಕೇ ಅಂತ ಮೆತ್ತನೆ ಚಪ್ಪಲಿ ಒಂದು ಜೊತೆ ಇರಲಿ. ಒತ್ತಿದ ಜಾಗ ಮೇಲೇಳದಷ್ಟು ಇನ್‌ಸೋಲ್ ಚಪ್ಪಟೆಯಾದರೆ ಬದಲಿಸಿ.

ದುಡ್ಡಿನ ಮಾತು: ಮಾಮೂಲಿ ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸಿದ್ದಕ್ಕೂ ಅಂಗಡಿಯ ರೆಡಿಮೇಡಿಗೂ ದೊಡ್ಡ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ರೆಡಿಮೇಡಿನಿಂದಲೇ ಶುರುಮಾಡಬಹುದು.

ಜೊತೆಗೆ ವ್ಯಾಯಾಮ ಬೇಕೇಬೇಕು. ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೆಟ್ಟಿಲ ಅಂಚಿನಲ್ಲಿ ನಿಂತು, ಹಿಮ್ಮಡಿಯನ್ನು ನಿಧಾನ ಎತ್ತಿ ಇಳಿಸಿ. ದಿನ ಬಿಟ್ಟು ದಿನ ಸಾಕು. ಡೆನ್ಮಾರ್ಕಿನಲ್ಲಿ 48 ಜನರ ಮೇಲೆ ನಡೆದ ಅಧ್ಯಯನದಲ್ಲಿ ಎಲ್ಲರಿಗೂ ಇನ್‌ಸೋಲ್ ಕೊಟ್ಟಿದ್ರು. ಮೂರು ತಿಂಗಳಿಗೆ, ಬರೀ ಅಂಗಾಲು ಎಳೆಯೋ ವ್ಯಾಯಾಮ ಮಾಡಿದವರಿಗಿಂತ ಹೀಗೆ ಹಿಮ್ಮಡಿ ಎತ್ತಿದವರ ನೋವು ಹೆಚ್ಚು ಇಳಿದಿತ್ತು. ವರ್ಷದ ಹೊತ್ತಿಗೆ ಎರಡೂ ಗುಂಪು ಸಮಕ್ಕೆ ಬಂತು.

ಶುಗರ್ ಇರೋರ ಕಥೆ ಬೇರೆ. ಪಾದದ ಸ್ಪರ್ಶ ಹೋಗಿದ್ದರೆ ಇನ್‌ಸೋಲ್ ಉಜ್ಜಿ ಗಾಯ ಆದರೂ ಗೊತ್ತಾಗಲ್ಲ. ಆ ಗಾಯ ಕಾಲನ್ನೇ ಕಳೆಯಬಹುದು. ಅವರು ಆನ್‌ಲೈನಲ್ಲಿ ತರಿಸಬಾರದು, ಡಾಕ್ಟರ ಹತ್ತಿರವೇ ಹೋಗಬೇಕು. ಹಾಕೋ ಮುಂಚೆ ಒಳಗೆ ಕೈಯಾಡಿಸಿ, ರಾತ್ರಿ ಅಂಗಾಲು ನೋಡಬೇಕು. ಬಗ್ಗೋಕಾಗದ ಅಪ್ಪ-ಅಮ್ಮನಿಗೆ ನಿಮ್ಮ ಮೊಬೈಲ್ ಕ್ಯಾಮೆರಾ ಸಾಕು.

ಈ ಆಡಿಯೊವನ್ನು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಮುಂದಿನ ವಾರ ಸಿಗೋಣ.