ಬೆಂಕಿ ಕಟ್ಟಿದ ಗೊಂಚಲು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ರಾತ್ರಿ ರಸಾಯನಶಾಸ್ತ್ರದ ಪುಸ್ತಕ ಓದುವ ಚಟವಿದೆ. ಅದು ಹತ್ತಿದ್ದು ಇಲ್ಲೇ. ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಮೈಲುತುತ್ತದ ನೀಲಿ ಹರಳನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀರು ಹೋಯಿತು, ಹರಳು ಬಿಳಿ ಪುಡಿಯಾಯಿತು. ಕಾಯಿಸಿದರೆ ವಸ್ತು ಒಡೆಯುತ್ತದೆ ಎಂದು ಅಂದುಕೊಂಡೆ. ಅದು ಅರ್ಧ ಮಾತು ಮಾತ್ರ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಆಸ್ಮಿಯಂ ಎಂಬ ಭಾರದ ಲೋಹವಿದೆ. ಅದರ ಒಂದು ಸಂಯುಕ್ತದಲ್ಲಿ 3 ಲೋಹದ ಪರಮಾಣುಗಳು ತ್ರಿಕೋನವಾಗಿ ನಿಂತಿರುತ್ತವೆ. ಅವಕ್ಕೆ ಅಂಟಿಕೊಂಡು 12 ಕಾರ್ಬನ್ ಮಾನಾಕ್ಸೈಡ್ ಅಣುಗಳು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಪ್ರಾಣ ತೆಗೆಯುತ್ತದಲ್ಲ, ಅದೇ ಅನಿಲ. 1970ರ ದಶಕದಲ್ಲಿ ಕೇಂಬ್ರಿಜ್‌ನ ಜ್ಯಾಕ್ ಲೂಯಿಸ್, ಬ್ರಯಾನ್ ಜಾನ್ಸನ್ ಮತ್ತು ಸಂಗಡಿಗರು ಇದನ್ನು ಬಾಯಿ ಮುಚ್ಚಿದ ಗಾಜಿನ ನಳಿಕೆಯಲ್ಲಿಟ್ಟು 200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದರು. ಅನಿಲ ಒಂದಷ್ಟು ಕಳಚಿತು. ಕೈ ಖಾಲಿಯಾದ ಲೋಹದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡವು. 5, 6, 7, 8 ಪರಮಾಣುಗಳ ಗೊಂಚಲುಗಳಾದವು!

ಎಲ್ಲವೂ ಕಲಸಿಕೊಂಡೇ ಬಂದವು. ಸಿಲಿಕಾ ಬಳಿದ ಗಾಜಿನ ಹಲಗೆಯ ಮೇಲೆ ದ್ರಾವಕ ಏರಿಸಿ, ಬಣ್ಣದ ಪಟ್ಟಿಗಳಾಗಿ ಅವನ್ನು ಬೇರೆ ಮಾಡಬೇಕಿತ್ತು. ಆಕಾರ ತಿಳಿಯಲು ಹರಳು ಬೆಳೆಸಿ ಎಕ್ಸ್-ಕಿರಣ ಹಾಯಿಸಬೇಕಿತ್ತು. ಕಾಯಿಸುವುದಕ್ಕಿಂತ ಇದೇ ದೊಡ್ಡ ಕೆಲಸ.

1991ರಲ್ಲಿ ಅದೇ ತಂಡ ಇಂಥದೇ ಇನ್ನೊಂದು ಸಂಯುಕ್ತವನ್ನು ನಿರ್ವಾತದಲ್ಲಿ 300 ಡಿಗ್ರಿಗೆ ಕಾಯಿಸಿ 20 ಆಸ್ಮಿಯಂ ಪರಮಾಣುಗಳ ಗೊಂಚಲು ಪಡೆಯಿತು. ಸಂತೆಯಲ್ಲಿ ನಿಂಬೆಹಣ್ಣು ಪೇರಿಸಿದ ಹಾಗೆ: ಕೆಳಗೆ 10, ಮೇಲೆ 6, ಅದರ ಮೇಲೆ 3, ತುದಿಗೆ 1.

ಆಲೆಮನೆ ಕಂಡವರಿಗೆ ಹದ ಎಂದರೇನೆಂದು ಹೇಳಬೇಕಿಲ್ಲ. ಉರಿ ಸಾಲದಿದ್ದರೆ ಬೆಲ್ಲ ಕಟ್ಟುವುದಿಲ್ಲ, ಹೆಚ್ಚಾದರೆ ಸೀಯುತ್ತದೆ. ಇಲ್ಲೂ ಅಷ್ಟೇ. ಉರಿ ಕಡಿಮೆಯಾದರೆ ಗೊಂಚಲು ಕಟ್ಟುವುದಿಲ್ಲ, ಮಿತಿಮೀರಿದರೆ ಅನಿಲವೆಲ್ಲ ಹೋಗಿ ಬರೀ ಲೋಹ ಉಳಿಯುತ್ತದೆ.

ಮಕ್ಕಳೇ, ಆಸ್ಮಿಯಂ ಪ್ರಯೋಗ ನಮ್ಮ ನಿಮ್ಮ ಕೈಯದಲ್ಲ, ಅದು ವಿಷದ ಜೊತೆಗಿನ ಕೆಲಸ. ಮೈಲುತುತ್ತದ್ದು ಮಾತ್ರ ಮೇಷ್ಟ್ರ ಎದುರು ನೀವೇ ಮಾಡಬಹುದು. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ ಎಂದು ನಮ್ಮ ಬ್ಯಾಚಿನವರು ಹೊರಟಿದ್ದರು. ಆ ಹಣದಲ್ಲಿ ಸ್ಪಿರಿಟ್ ದೀಪ, ಪ್ರನಾಳ, ತಕ್ಕಡಿ ಕೊಡೋಣ ಎಂದು ಕೇಳಿಕೊಂಡೆ. ಎಲ್ಲರೂ ಒಪ್ಪಿದ್ದಾರೆ. ಮುಂದಿನ ವರ್ಷದ ಹತ್ತನೇ ತರಗತಿಯಲ್ಲಿ ಮಕ್ಕಳು ಒಬ್ಬೊಬ್ಬರೂ ಹರಳನ್ನು ತಾವೇ ಕಾಯಿಸಲಿ. ಆಮೇಲೆ ಆ ಬಿಳಿ ಪುಡಿಗೆ ಒಂದು ಹನಿ ನೀರು ಬಿಟ್ಟು ನೋಡಲಿ.